ಸಭೆಯ ಅವಧಿಯನ್ನು ನಿಶ್ಚಯಿಸುವವರು ಯಾರು?

ಹಿಂದೆ ಕಚೇರಿಯಲ್ಲಿ ಒಂದು ಸಭೆ ಸೇರಬೇಕಾದರೆ ಸುತ್ತೋಲೆ ಹೊರಡಬೇಕಾಗಿತ್ತು. ಗುಮಾಸ್ತನು ಅದನ್ನು ಬೆರಳಚ್ಚು ಮಾಡಿ, ಜವಾನನು ಮೇಜಿನಿಂದ ಮೇಜಿಗೆ ಒಯ್ದು, ಒಬ್ಬೊಬ್ಬರ ರುಜು ಪಡೆಯುವಷ್ಟರಲ್ಲಿ ಅರ್ಧ ದಿನ ಕಳೆಯುತ್ತಿತ್ತು. ಸಭೆಯು ಎಷ್ಟು ಗಂಟೆಗೆ ಆರಂಭವಾಗುವುದೆಂದು ಅದರಲ್ಲಿ ತಪ್ಪದೆ ಬರೆದಿರುತ್ತಿತ್ತು. ಎಷ್ಟು ಗಂಟೆಗೆ ಮುಗಿಯುವುದೆಂದು ಬರೆಯುವ ಪದ್ಧತಿ ಅಷ್ಟಾಗಿ ಇರಲಿಲ್ಲ. ಇಂದು ಈ ಕೆಲಸವೆಲ್ಲ ಗಣಕಯಂತ್ರದ ತೆರೆಯ ಮೇಲೆ ಅರ್ಧ ನಿಮಿಷದಲ್ಲಿ ಆಗಿಹೋಗುತ್ತದೆ. ಇ-ಮೇಲಿನೊಡನೆ ಜೋಡಿಸಿದ ಕ್ಯಾಲೆಂಡರನ್ನು ತೆರೆದು ಹತ್ತು ಗಂಟೆಯ ಗೆರೆಯ ಮೇಲೆ ಒತ್ತಿದರೆ ಸಾಕು. ಆರಂಭ 10-00, ಮುಕ್ತಾಯ 10-30 ಎಂದು ಎರಡು ಅಂಕಿಗಳು ಮೂಡುತ್ತವೆ. ಇವುಗಳಲ್ಲಿ ಮೊದಲನೆಯದನ್ನು ಸಭೆ ಕರೆದವನು ಆರಿಸಿದನು. ಎರಡನೆಯದನ್ನು ಆರಿಸಿದವರು ಯಾರು?

ಆ ಕಚೇರಿಯಲ್ಲಿ ಯಾರೂ ಆರಿಸಲಿಲ್ಲವೆಂಬುದೇ ಉತ್ತರ. ತಂತ್ರಾಂಶವನ್ನು ರಚಿಸಿದವರು ಅಲ್ಲಿ ಮೊದಲೇ ಒಂದು ಅಂಕಿಯನ್ನು ನೆಟ್ಟಿರುತ್ತಾರೆ. ಬಳಸುವವನು ಬೇರೆ ಏನನ್ನೂ ಹೇಳದಿದ್ದರೆ ಆ ಅಂಕಿಯೇ ಜಾರಿಗೆ ಬರುತ್ತದೆ. ಇಂತಹ ಪೂರ್ವನಿಯೋಜಿತ ಬೆಲೆಗೆ ಗಣಕ ಪರಿಭಾಷೆಯಲ್ಲಿ ‘ಡಿಫಾಲ್ಟ್’ ಎಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯ ‘ಔಟ್‌ಲುಕ್’ನಲ್ಲಿ ಅದು 30 ನಿಮಿಷ, ಗೂಗಲ್ ಕ್ಯಾಲೆಂಡರಿನಲ್ಲಿ 60 ನಿಮಿಷ. ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿ ದಿನಕ್ಕೆ ಐದಾರು ಸಭೆಗಳಲ್ಲಿ ಕುಳಿತೇಳುವವರು ಕಡಮೆಯಿಲ್ಲ. ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿಯೂ ಅನೇಕರು ನಾಳೆ ಅಲ್ಲಿಗೆ ಹೋಗತಕ್ಕವರೇ. ಹನ್ನೆರಡು ಜನರ ಒಂದು ಸಭೆ ಹತ್ತು ನಿಮಿಷ ವ್ಯರ್ಥವಾಗಿ ಬೆಳೆದರೆ ಹೋದ ಕಾಲವು ಹತ್ತು ನಿಮಿಷವಲ್ಲ, ಎರಡು ಗಂಟೆ. ಆದುದರಿಂದ ಈ ಸಣ್ಣ ಅಂಕಿಯ ಹುಟ್ಟನ್ನೂ ಪರಿಣಾಮವನ್ನೂ ಸ್ವಲ್ಪ ವಿಚಾರಿಸುವುದು ಅನುಚಿತವಾಗಲಾರದು.

ಅಂಕಿಯ ಮೂಲ

ಬೇರೆ ಬೇರೆ ತಂತ್ರಾಂಶಗಳು ಪರಸ್ಪರ ಸಭೆಯ ಆಮಂತ್ರಣಗಳನ್ನು ಕಳುಹಿಸಿಕೊಳ್ಳಬೇಕಾದರೆ ಅವುಗಳಿಗೆ ಒಂದು ಸಮಾನ ಭಾಷೆ ಬೇಕು. ಆ ಭಾಷೆಯೇ ‘ಐಕ್ಯಾಲೆಂಡರ್’ ಎಂಬ ಅಂತರರಾಷ್ಟ್ರೀಯ ನಿಯಮಾವಳಿ. ಇದು 1998ರ ನವೆಂಬರಿನಲ್ಲಿ ಪ್ರಕಟವಾಗಿ, 2009ರಲ್ಲಿ ಪರಿಷ್ಕಾರಗೊಂಡಿತು. ಒಂದು ಕಾರ್ಯಕ್ರಮಕ್ಕೆ ಆರಂಭದ ಗಂಟೆ ನಿಮಿಷಗಳನ್ನು ಕೊಟ್ಟು, ಮುಕ್ತಾಯದ ವೇಳೆಯನ್ನಾಗಲಿ ಅವಧಿಯನ್ನಾಗಲಿ ಕೊಡದಿದ್ದರೆ ಏನು ಮಾಡಬೇಕೆಂಬುದನ್ನು ಈ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ: ಆ ಕಾರ್ಯಕ್ರಮವು ಆರಂಭವಾದ ಕ್ಷಣದಲ್ಲಿಯೇ ಮುಗಿಯಿತೆಂದು ತಿಳಿಯಬೇಕು! ಎಂದರೆ ನಿಯಮದ ದೃಷ್ಟಿಯಲ್ಲಿ ಅವಧಿ ಸೊನ್ನೆ. ಅರ್ಧ ಗಂಟೆ, ಒಂದು ಗಂಟೆ ಎಂಬುವು ಅಲ್ಲಿಂದ ಬಂದವಲ್ಲ. ತೆರೆಯ ಮೇಲೆ ದಿನವನ್ನು ಸಾಲುಸಾಲಾಗಿ ತೋರಿಸಲು ಎಳೆದ ಗೆರೆಗಳಿಂದ ಬಂದವು. ಔಟ್‌ಲುಕ್‌ನ ದಿನಪುಟದಲ್ಲಿ ಗೆರೆಗಳ ಅಂತರ ಅರ್ಧ ಗಂಟೆ. ಒಂದು ಸಾಲನ್ನು ಮುಟ್ಟಿದರೆ ಒಂದು ಸಾಲಿನಷ್ಟು ಸಭೆ. ಕಾಗದದ ಮೇಲೆ ಅಂದವಾಗಿ ಕಾಣಲೆಂದು ಎಳೆದ ಗೆರೆಯು ಮನುಷ್ಯರ ಮಾತಿನ ಅಳತೆಗೋಲಾಗಿ ಪರಿಣಮಿಸಿತು.

ಇಲ್ಲಿ ಒಂದು ಪಕ್ಕದ ಮಾತನ್ನು ಹೇಳಬಹುದು. ನಮ್ಮ ಹಿರಿಯರ ಕಾಲಮಾನದಲ್ಲಿ ದಿನಕ್ಕೆ ಅರವತ್ತು ಗಳಿಗೆಗಳು. ಒಂದು ಗಳಿಗೆ ಎಂದರೆ 24 ನಿಮಿಷ, ಎರಡು ಗಳಿಗೆ ಸೇರಿದರೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಇಂದು ತಜ್ಞರು ಅರ್ಧ ಗಂಟೆಯ ಸಭೆಯನ್ನು 25 ನಿಮಿಷಕ್ಕೂ ಒಂದು ಗಂಟೆಯದನ್ನು 50 ನಿಮಿಷಕ್ಕೂ ಇಳಿಸಬೇಕೆಂದು ಸಲಹೆ ಮಾಡುವಾಗ ತಿಳಿಯದೆಯೇ ಗಳಿಗೆ ಮುಹೂರ್ತಗಳ ಹತ್ತಿರಕ್ಕೆ ಬಂದಿದ್ದಾರೆ. ಇದು ಕೇವಲ ಕಾಕತಾಳೀಯ. ಆದರೂ ತಳದಲ್ಲಿ ರಂಧ್ರವಿದ್ದ ಗಳಿಗೆ ಬಟ್ಟಲು ನೀರು ತುಂಬಿ ಮುಳುಗಿದರೆ ಗಳಿಗೆ ಮುಗಿಯಿತೆಂಬುದರಲ್ಲಿ ಯಾರಿಗೂ ಸಂದೇಹ ಉಳಿಯುತ್ತಿರಲಿಲ್ಲ. ತೆರೆಯ ಮೇಲಿನ 10-30 ಎಂಬ ಅಂಕಿಗೆ ಆ ಅಧಿಕಾರವಿಲ್ಲ.

ನೆಟ್ಟ ಅಂಕಿಯನ್ನು ಬದಲಾಯಿಸುವುದು ಒಂದು ಕ್ಷಣದ ಕೆಲಸ. ಹಾಗಿದ್ದರೂ ಬಹುಮಂದಿ ಏಕೆ ಬದಲಾಯಿಸುವುದಿಲ್ಲ? ಇದು ಆಲಸ್ಯವೊಂದರಿಂದಲೇ ಆಗುವುದಲ್ಲ. 2003ರಲ್ಲಿ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೈನ್ ಎಂಬ ಇಬ್ಬರು ವಿದ್ವಾಂಸರು ‘ಸೈನ್ಸ್’ ಪತ್ರಿಕೆಯಲ್ಲಿ ಮರಣಾನಂತರದ ಅಂಗದಾನದ ವಿಚಾರವಾಗಿ ಒಂದು ಲೇಖನವನ್ನು ಪ್ರಕಟಿಸಿದರು. ದಾನಕ್ಕೆ ಒಪ್ಪಿಗೆಯಿದ್ದವರು ತಾವಾಗಿ ತಿಳಿಸಬೇಕೆಂಬ ನಿಯಮವಿದ್ದ ಜರ್ಮನಿಯಲ್ಲಿ ಒಪ್ಪಿದವರು ನೂರಕ್ಕೆ 12. ಒಪ್ಪಿಗೆಯಿಲ್ಲದವರು ಮಾತ್ರ ತಿಳಿಸಬೇಕೆಂಬ ನಿಯಮವಿದ್ದ ನೆರೆಯ ಆಸ್ಟ್ರಿಯದಲ್ಲಿ ನೂರಕ್ಕೆ 99.98. ಭಾಷೆ, ಸಂಪ್ರದಾಯಗಳಲ್ಲಿ ಇಷ್ಟು ಸಮೀಪವಾದ ಎರಡು ದೇಶಗಳ ನಡುವೆ ದಯೆಯಲ್ಲಿ ಇಷ್ಟು ಅಂತರವಿರುವುದು ಸಾಧ್ಯವಿಲ್ಲ. ಅವರು ನಡೆಸಿದ ಪ್ರಯೋಗದಲ್ಲಿಯೂ ಇದೇ ಕಂಡುಬಂದಿತು: ಮೊದಲೇ ‘ದಾನಿಯಲ್ಲ’ ಎಂದು ಗುರುತುಮಾಡಿದ ಪ್ರಶ್ನೆಪತ್ರವನ್ನು ಪಡೆದವರಲ್ಲಿ ದಾನಕ್ಕೆ ಒಪ್ಪಿದವರು ನೂರಕ್ಕೆ 42, ‘ದಾನಿ’ ಎಂದು ಗುರುತುಮಾಡಿದ್ದನ್ನು ಪಡೆದವರಲ್ಲಿ 82. (ಒಪ್ಪಿಗೆಯೇ ಬೇರೆ, ನಿಜವಾಗಿ ನಡೆಯುವ ಅಂಗದಾನವೇ ಬೇರೆ, ಎರಡನೆಯದಕ್ಕೆ ಆಸ್ಪತ್ರೆಗಳ ವ್ಯವಸ್ಥೆಯೂ ಬಂಧುಗಳ ಮನಸ್ಸೂ ಸೇರಬೇಕು.) ಮೊದಲೇ ತುಂಬಿದ ಅಂಕಿಯನ್ನು ಕಂಡಾಗ ತಿಳಿದವರಾರೋ ಯೋಚಿಸಿ ಇಟ್ಟಿರಬೇಕೆಂದು ನಾವು ನಂಬುತ್ತೇವೆ. ಜೊತೆಗೆ, ಕಿರಿಯ ಉದ್ಯೋಗಿಯೊಬ್ಬನು ತನ್ನ ಮೇಲಧಿಕಾರಿಯನ್ನು 17 ನಿಮಿಷದ ಸಭೆಗೆ ಕರೆದರೆ ಅದು ವಿಚಿತ್ರವಾಗಿ ಕಾಣುವುದೆಂಬ ಸಂಕೋಚವೂ ಇದೆ.

ಒಮ್ಮೆ ಅರ್ಧ ಗಂಟೆಯೆಂದು ಬರೆದ ಮೇಲೆ ಮಾತು ಅರ್ಧ ಗಂಟೆಗೆ ಹಿಗ್ಗುವುದು ಎಲ್ಲರಿಗೂ ಅನುಭವವೇದ್ಯ. ಆಗ ಸಿಂಗಪುರದಲ್ಲಿದ್ದ ಇತಿಹಾಸದ ಪ್ರಾಧ್ಯಾಪಕ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ನರು 1955ರ ನವೆಂಬರಿನಲ್ಲಿ ‘ಇಕಾನಮಿಸ್ಟ್’ ಪತ್ರಿಕೆಗೆ ಬರೆದ ವಿನೋದಭರಿತ ಲೇಖನದಲ್ಲಿ, ಇರುವ ಕಾಲವನ್ನೆಲ್ಲ ತುಂಬುವಂತೆ ಕೆಲಸವು ಬೆಳೆಯುತ್ತದೆಂಬ ಭಾವವನ್ನು ಒಂದು ‘ನಿಯಮ’ವನ್ನಾಗಿ ಮುಂದಿಟ್ಟರು. ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧನೌಕೆಗಳು 1914ರಿಂದ 1928ರೊಳಗೆ 62ರಿಂದ 20ಕ್ಕೆ ಇಳಿದರೂ ಅದರ ಕೇಂದ್ರ ಕಚೇರಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದರೆಂಬುದು ಅವರು ಕೊಟ್ಟ ನಿದರ್ಶನ. ಇದು ನ್ಯೂಟನ್ನನ ನಿಯಮದಂತೆ ಅಳೆದು ಸಾಧಿಸಿದ ನಿಯಮವಲ್ಲ. ಆದರೆ ಸಭೆಯ ವಿಷಯದಲ್ಲಿ ಇದರ ಹಿಂದಿರುವ ಕಾರಣ ಸ್ಪಷ್ಟವಾಗಿದೆ. ಶಾಲೆಯ ಪೀರಿಯಡ್ಡು ಮುಗಿಯುವುದು ಪಾಠ ಮುಗಿದಿತೆಂದಲ್ಲ; ಗಂಟೆ ಹೊಡೆಯಿತೆಂದು, ಮುಂದಿನ ಉಪಾಧ್ಯಾಯರು ಬಾಗಿಲಲ್ಲಿ ನಿಂತರೆಂದು. ಕಚೇರಿಯ ಕೊಠಡಿಯಲ್ಲಿಯೂ ಮುಂದಿನ ಸಭೆಯವರು ಬಂದು ಬಾಗಿಲು ತಟ್ಟುತ್ತಿದ್ದರು. ವಿಡಿಯೋ ಸಭೆಗೆ ಬಾಗಿಲೇ ಇಲ್ಲ; ತಟ್ಟುವವರೂ ಇಲ್ಲ.

ವಿಳಂಬದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದೇ ಸಭೆಯಾದರೆ ಐದು ನಿಮಿಷದ ಹೆಚ್ಚು ಕಡಮೆ ದೊಡ್ಡ ಮಾತಲ್ಲ. ತೊಡಕು ಹುಟ್ಟುವುದು ಸಭೆಗಳು ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡಾಗ. 10-00ರಿಂದ 10-30, 10-30ರಿಂದ 11-00 ಎಂದು ಆರು ಸಭೆಗಳು ಸಾಲಾಗಿ ಇವೆಯೆಂದು ಭಾವಿಸೋಣ. ಎಲ್ಲದರಲ್ಲಿಯೂ ಅದೇ ವ್ಯಕ್ತಿ ಇರಬೇಕು. ನಡುವೆ ಬಿಡುವಿಲ್ಲ. ಈ ಸಭೆಗಳು ಗೊತ್ತುಮಾಡಿದ ಅವಧಿಗಿಂತ ಕ್ರಮವಾಗಿ 4, 0, 6, 3, 0, 5 ನಿಮಿಷಗಳಷ್ಟು ಹೆಚ್ಚು ನಡೆದುವೆನ್ನೋಣ. ಇವುಗಳಲ್ಲಿ ಯಾವುದೂ ಅತಿಶಯವಾದುದಲ್ಲ.

ಲೆಕ್ಕದ ಸೂತ್ರ ಬಹು ಸರಳ:

ಮುಂದಿನ ಸಭೆಯ ವಿಳಂಬ = ಈ ಸಭೆಯ ವಿಳಂಬ + ಈ ಸಭೆಯ ಹೆಚ್ಚುವರಿ ಕಾಲ − ನಡುವಣ ಬಿಡುವು.

ಉತ್ತರವು ಸೊನ್ನೆಗಿಂತ ಕಡಮೆಯಾದರೆ ಅದನ್ನು ಸೊನ್ನೆಯೆಂದೇ ಎಣಿಸಬೇಕು. ಏಕೆಂದರೆ ಗೊತ್ತಾದ ವೇಳೆಗಿಂತ ಮುಂಚೆ ಸಭೆಯನ್ನು ಆರಂಭಿಸಲು ಇತರರು ಬಂದಿರುವುದಿಲ್ಲ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಡೆನಿಸ್ ಲಿಂಡ್ಲಿ 1952ರಲ್ಲಿ ಸರತಿಯ ಸಾಲುಗಳ ಸಿದ್ಧಾಂತದಲ್ಲಿ ಬಳಸಿದ ಸಂಬಂಧವೂ ಇದೇ ರೂಪದ್ದು. ಟಿಕೆಟ್ಟಿನ ಕಿಂಡಿಯ ಮುಂದೆ ನಿಂತವನ ಕಾಯುವಿಕೆಗೂ ನಮ್ಮ ಸಭೆಯ ವಿಳಂಬಕ್ಕೂ ಗಣಿತದಲ್ಲಿ ಭೇದವಿಲ್ಲ.

ಬಿಡುವು ಸೊನ್ನೆಯಾದಾಗ ಎರಡನೆಯ ಸಭೆ 4 ನಿಮಿಷ ತಡವಾಗಿ ಆರಂಭವಾಗುತ್ತದೆ; ಮೂರನೆಯದೂ 4; ನಾಲ್ಕನೆಯದು 10; ಐದನೆಯದು 13; ಆರನೆಯದೂ 13. ಒಂದು ಗಂಟೆಗೆ ಊಟಕ್ಕೆ ಏಳಬೇಕಾದವನು 1-18ಕ್ಕೆ ಏಳುತ್ತಾನೆ. ಆರನೆಯ ಸಭೆಯವರು ತಮ್ಮದಲ್ಲದ ಕಾರಣಕ್ಕಾಗಿ ಹದಿಮೂರು ನಿಮಿಷ ಕಾದು ಕುಳಿತಿರುತ್ತಾರೆ. ವಿಳಂಬವು ಸಾಲದ ಬಡ್ಡಿಯಂತೆ ಮುಂದಕ್ಕೆ ಸಾಗುತ್ತದೆಯೇ ಹೊರತು ಕರಗುವುದಿಲ್ಲ.

ಇದೇ ಸಭೆಗಳನ್ನು 25 ನಿಮಿಷಕ್ಕೆ ಇಳಿಸಿ, ಹಿಂದಿನಂತೆಯೇ ಅರ್ಧ ಗಂಟೆಗೊಂದರಂತೆ ಇಡೋಣ. ಆಗ ನಡುವೆ 5 ನಿಮಿಷದ ಬಿಡುವು ದೊರೆಯುತ್ತದೆ. ಹೆಚ್ಚುವರಿ ಕಾಲಗಳು ಅವೇ ಇರಲಿ. ಮೊದಲನೆಯ ಸಭೆ 4 ನಿಮಿಷ ಮೀರಿತು. ಬಿಡುವು ಅದನ್ನು ನುಂಗಿತು. ಎರಡನೆಯದರ ವಿಳಂಬ ಸೊನ್ನೆ. ಮೂರನೆಯದರದೂ ಸೊನ್ನೆ. ಮೂರನೆಯ ಸಭೆ 6 ನಿಮಿಷ ಮೀರಿದ್ದರಿಂದ ನಾಲ್ಕನೆಯದು 1 ನಿಮಿಷ ತಡ. ಆಮೇಲೆ 1 ಕೂಡಿಸು 3 ಕಳೆ 5. ಸೊನ್ನೆಗಿಂತ ಕಡಮೆ, ಆದುದರಿಂದ ಸೊನ್ನೆ. ಆರನೆಯದೂ ಹೊತ್ತಿಗೆ ಸರಿಯಾಗಿ ಆರಂಭವಾಗುತ್ತದೆ. ಇಡೀ ಬೆಳಗಿನ ವಿಳಂಬವೆಲ್ಲ ಸೇರಿ ಒಂದೇ ನಿಮಿಷ. ಹಿಂದಿನ ಲೆಕ್ಕದಲ್ಲಿ ಎರಡರಿಂದ ಆರನೆಯವರೆಗಿನ ಸಭೆಗಳ ವಿಳಂಬಗಳ ಮೊತ್ತ 44 ನಿಮಿಷಗಳಾಗಿತ್ತೆಂಬುದನ್ನು ವಾಚಕರು ಕೂಡಿಸಿ ನೋಡಬಹುದು.

ರೈಲ್ವೆಯವರಿಗೆ ಇದು ಹೊಸ ವಿದ್ಯೆಯಲ್ಲ. ವೇಳಾಪಟ್ಟಿಯನ್ನು ರಚಿಸುವಾಗ ರೈಲು ಓಡಲು ಬೇಕಾದಷ್ಟೇ ನಿಮಿಷಗಳನ್ನು ಬರೆಯದೆ, ಹಳಿಯ ದುರಸ್ತಿಗೆಂದೂ ತಡವನ್ನು ಸರಿಗಟ್ಟಲೆಂದೂ ಒಂದಿಷ್ಟು ಹೆಚ್ಚು ಕಾಲವನ್ನು ಸೇರಿಸಿಡುತ್ತಾರೆ. ಕೊನೆಯ ನಿಲ್ದಾಣಕ್ಕೆ ಮುಂಚಿನ ಸ್ವಲ್ಪ ದೂರಕ್ಕೆ ಹೋಗುವ ಗಾಡಿಗೆ ಕೊಟ್ಟಿರುವ ನಿಮಿಷಗಳನ್ನು, ಅದೇ ದೂರಕ್ಕೆ ಹೊರಟುಬರುವ ಗಾಡಿಗೆ ಕೊಟ್ಟಿರುವುದರೊಡನೆ ಹೋಲಿಸಿದರೆ ಈ ಗುಟ್ಟು ಅನೇಕ ವೇಳೆ ಬಯಲಾಗುತ್ತದೆ.

ಆದರೆ ಮೇಲಿನ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 30 ನಿಮಿಷದ ಸಭೆಯಲ್ಲಿದ್ದ ಮಾತು 25 ನಿಮಿಷದ ಸಭೆಯಲ್ಲಿ ಐದು ನಿಮಿಷದಷ್ಟು ಕುಗ್ಗಿತೆಂದು ನಾವು ಭಾವಿಸಿದೆವು. ಮಾತು ಕುಗ್ಗದೆ ಹಾಗೆಯೇ ಉಳಿದರೆ ಹೆಚ್ಚುವರಿ ಕಾಲಗಳು 9, 5, 11, 8, 5, 10 ಆಗುತ್ತವೆ. ಸೂತ್ರದಲ್ಲಿಟ್ಟು ನೋಡಿದರೆ ವಿಳಂಬಗಳು ಮತ್ತೆ 4, 4, 10, 13, 13! ಅಂದರೆ ಮುಕ್ತಾಯದ ಅಂಕಿಯನ್ನು ತಿದ್ದಿದ ಮಾತ್ರಕ್ಕೆ ಏನೂ ಲಾಭವಿಲ್ಲ. ಬಿಡುವು ಉಳಿಯಬೇಕಾದರೆ ಜನರು ಆ ಅಂಕಿಯನ್ನು ನಂಬಬೇಕು. ಸರತಿಯ ಸಿದ್ಧಾಂತ ಇನ್ನೂ ಒಂದು ಮಾತನ್ನು ತಿಳಿಸುತ್ತದೆ: ಹೆಚ್ಚುವರಿ ಕಾಲದ ಸರಾಸರಿಯು ಬಿಡುವಿಗಿಂತ ಕಡಮೆಯಿದ್ದರೆ ಮಾತ್ರ ವಿಳಂಬ ಒಂದು ಮಿತಿಯಲ್ಲಿ ನಿಲ್ಲುತ್ತದೆ. ಸರಾಸರಿಯು ಬಿಡುವನ್ನು ಮೀರಿದರೆ ಸಾಲು ಉದ್ದವಾದಷ್ಟೂ ವಿಳಂಬ ಬೆಳೆಯುತ್ತಲೇ ಹೋಗುತ್ತದೆ. ಅದನ್ನು ತಡೆಯುವುದು ಊಟದ ವಿರಾಮವೊಂದೇ.

ಮಿದುಳಿನ ಸಾಕ್ಷ್ಯ

ಬಿಡುವಿನಿಂದ ಬೇರೊಂದು ಪ್ರಯೋಜನವೂ ಇದೆಯೆನ್ನುತ್ತಾರೆ. ಮಿದುಳಿನ ಜೀವಕೋಶಗಳ ವಿದ್ಯುದ್ವ್ಯಾಪಾರವನ್ನು ತಲೆಯ ಚರ್ಮದ ಮೇಲೆ ಇಟ್ಟ ಲೋಹದ ಬಿಲ್ಲೆಗಳ ಮೂಲಕ ಗ್ರಹಿಸಬಹುದೆಂಬುದನ್ನು ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದನು. ಈ ತರಂಗಗಳಲ್ಲಿ ಸೆಕೆಂಡಿಗೆ ಸುಮಾರು 13ರಿಂದ 30 ಆವರ್ತಗಳಿರುವುವಕ್ಕೆ ಬೀಟಾ ತರಂಗಗಳೆಂದು ಹೆಸರು. ಎಚ್ಚರ, ಏಕಾಗ್ರತೆ, ಉದ್ವೇಗಗಳೊಡನೆ ಇವುಗಳಿಗೆ ಸಂಬಂಧವಿದೆ. 2021ರ ಏಪ್ರಿಲಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಒಂದು ಪ್ರಯೋಗದ ಫಲಿತಾಂಶವನ್ನು ಹೊರಗೆಡಹಿತು. ಹದಿನಾಲ್ಕು ಮಂದಿ ತಲೆಗೆ ಇಂತಹ ಬಿಲ್ಲೆಗಳ ಟೋಪಿ ಧರಿಸಿ ಒಂದು ದಿನ ಅರ್ಧ ಗಂಟೆಯ ನಾಲ್ಕು ವಿಡಿಯೋ ಸಭೆಗಳಲ್ಲಿ ಬಿಡುವಿಲ್ಲದೆ ಕುಳಿತರು. ಇನ್ನೊಂದು ದಿನ ಅಷ್ಟೇ ಸಭೆಗಳ ನಡುವೆ ಹತ್ತು ಹತ್ತು ನಿಮಿಷ ಧ್ಯಾನ ಮಾಡಿದರು. ಬಿಡುವಿಲ್ಲದ ದಿನ ಬೀಟಾ ತರಂಗಗಳು ಸಭೆಯಿಂದ ಸಭೆಗೆ ಏರುತ್ತ ಹೋದುವು. ಬಿಡುವಿದ್ದ ದಿನ ಏರಲಿಲ್ಲ. ಒಂದು ಸಭೆಯಿಂದ ಇನ್ನೊಂದಕ್ಕೆ ದಾಟುವ ಕ್ಷಣದಲ್ಲಿಯೇ ಅವು ಥಟ್ಟನೆ ಮೇಲೇರಿದುದು ಗಮನಾರ್ಹವಾದ ಅಂಶ.

ಹದಿನಾಲ್ಕು ಜನರಿಂದ ಲೋಕಕ್ಕೆಲ್ಲ ನಿಯಮ ಮಾಡಲಾಗದು. ಧ್ಯಾನದ ಫಲವಾವುದು, ಬರಿಯ ಬಿಡುವಿನ ಫಲವಾವುದು ಎಂಬುದೂ ಈ ಪ್ರಯೋಗದಿಂದ ತಿಳಿಯುವುದಿಲ್ಲ. ಅಲ್ಲದೆ ಪ್ರಯೋಗ ನಡೆಸಿದ ಸಂಸ್ಥೆಯೇ ಕ್ಯಾಲೆಂಡರಿನ ತಯಾರಕ ಸಂಸ್ಥೆಯೂ ಹೌದು. ಆದರೂ ಫಲಿತಾಂಶ ನಮ್ಮ ಸಾಮಾನ್ಯ ಅನುಭವಕ್ಕೆ ವಿರುದ್ಧವಾಗಿಲ್ಲ.

ಮೊದಲೋ, ಕೊನೆಯೋ?

ಬಿಡುವನ್ನು ಎಲ್ಲಿಂದ ಕತ್ತರಿಸಬೇಕು? 10-00ರ ಸಭೆಯನ್ನು 10-25ಕ್ಕೆ ಮುಗಿಸಬಹುದು. ಇಲ್ಲವೆ 10-05ಕ್ಕೆ ಆರಂಭಿಸಿ 10-30ಕ್ಕೆ ಮುಗಿಸಬಹುದು. ಎರಡರಲ್ಲಿಯೂ ಅವಧಿ 25 ನಿಮಿಷ. ಗಣಿತಕ್ಕೆ ಎರಡೂ ಒಂದೇ. ಮನುಷ್ಯನಿಗೆ ಒಂದೇ ಅಲ್ಲ. 10-25 ಎಂಬುದು ಗಡಿಯಾರದಲ್ಲಿ ಯಾರ ಕಣ್ಣಿಗೂ ಬೀಳದ ಗುರುತು. ಮಾತು ಅದನ್ನು ದಾಟಿ, ಮುಂದಿನ ಸಭೆಯ ನೆನಪು ಬರುವ 10-30ರವರೆಗೆ ಹರಿಯುತ್ತದೆ. ಆರಂಭವನ್ನೇ ಮುಂದೂಡಿದರೆ ಬಿಡುವು ಮೊದಲೇ ಕೈಸೇರಿತು. ಮುಕ್ತಾಯಕ್ಕೆ ಎಂದಿನ ಅರ್ಧ ಗಂಟೆಯ ಗುರುತೇ ಕಾವಲು. ಈ ಲೇಖಕನ ಒಲವು ಎರಡನೆಯದರ ಕಡೆಗೆ.

ಹಳೆಯ ವಿಶ್ವವಿದ್ಯಾಲಯಗಳು ಇದನ್ನು ಬಹುಕಾಲದಿಂದ ಬಲ್ಲವು. ಜರ್ಮನಿಯಲ್ಲಿ ಉಪನ್ಯಾಸದ ವೇಳೆಯ ಮುಂದೆ ಲ್ಯಾಟಿನಿನ ‘ಕುಂ ತೆಂಪೋರೆ’ ಎಂಬ ಮಾತಿನ ಮೊದಲಕ್ಷರಗಳನ್ನು ಬರೆದಿದ್ದರೆ ಉಪನ್ಯಾಸವು ಹೇಳಿದ ಗಂಟೆಗೆ ಕಾಲು ಗಂಟೆ ಕಳೆದು ಆರಂಭವಾಗುತ್ತದೆ. ‘ಸಿನೆ ತೆಂಪೋರೆ’ ಎಂದಿದ್ದರೆ ಗಂಟೆಗೆ ಸರಿಯಾಗಿ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಹತ್ತು ಗಂಟೆಯ ತರಗತಿ 10-10ಕ್ಕೆ ಆರಂಭವಾಗುವ ರೂಢಿ ‘ಮಿಶಿಗನ್ ವೇಳೆ’ ಎಂದೇ ಪ್ರಸಿದ್ಧವಾಗಿತ್ತು. ಆದರೆ 2018ರಲ್ಲಿ ಆ ವಿಶ್ವವಿದ್ಯಾಲಯವೇ ಇದನ್ನು ಕೈಬಿಟ್ಟು, ಗಂಟೆಗೆ ಸರಿಯಾಗಿ ಆರಂಭಿಸಿ ಹತ್ತು ನಿಮಿಷ ಮೊದಲೇ ಮುಗಿಸುವ ಕ್ರಮಕ್ಕೆ ಬಂದಿತು. ಅಲ್ಲಿ ಅದು ಸಾಧ್ಯವಾಗುವುದಕ್ಕೆ ಅನುಕೂಲವಿದೆ: ಮುಂದಿನ ತರಗತಿಯವರು ಬಾಗಿಲಲ್ಲಿ ಬಂದು ನಿಲ್ಲುತ್ತಾರೆ.

ತಂತ್ರಾಂಶದಲ್ಲಿ ಈ ಏರ್ಪಾಡು ಹೀಗಿದೆ. ಔಟ್‌ಲುಕ್‌ನ ಕ್ಯಾಲೆಂಡರ್ ಆಯ್ಕೆಗಳಲ್ಲಿ ‘ಶಾರ್ಟನ್ ಅಪಾಯಿಂಟ್‌ಮೆಂಟ್ಸ್ ಅಂಡ್ ಮೀಟಿಂಗ್ಸ್’ ಎಂಬ ಒಂದು ಚೌಕವಿದೆ. ಅದನ್ನು ಗುರುತುಮಾಡಿ ‘ಎಂಡ್ ಅರ್ಲಿ’ ಅಥವಾ ‘ಸ್ಟಾರ್ಟ್ ಲೇಟ್’ ಎಂಬುದನ್ನು ಆರಿಸಿದರೆ, ಒಂದು ಗಂಟೆಗಿಂತ ಚಿಕ್ಕ ಸಭೆಗಳಿಂದ 5 ನಿಮಿಷವೂ ಒಂದು ಗಂಟೆ ಮತ್ತು ಅದಕ್ಕೂ ದೀರ್ಘವಾದ ಸಭೆಗಳಿಂದ 10 ನಿಮಿಷವೂ ಕಡಿತವಾಗುತ್ತವೆ. ಈ ಅಂಕಿಗಳನ್ನು ಬೇಕಾದಂತೆ ಬದಲಿಸಿಕೊಳ್ಳಬಹುದು. ಗೂಗಲ್ ಕ್ಯಾಲೆಂಡರಿನಲ್ಲಿ ಇದರ ಹೆಸರು ‘ಸ್ಪೀಡಿ ಮೀಟಿಂಗ್ಸ್’. ಅದು ಬೇಗ ಮುಗಿಸುವುದನ್ನು ಮಾತ್ರ ಬಲ್ಲುದು, ಅರ್ಧ ಗಂಟೆಯನ್ನು 25ಕ್ಕೂ ಒಂದು ಗಂಟೆಯನ್ನು 50ಕ್ಕೂ ಇಳಿಸುತ್ತದೆ. ಈ ಆಯ್ಕೆ ಅಂದಿನಿಂದ ಮುಂದೆ ನಾವು ಕರೆಯುವ ಹೊಸ ಸಭೆಗಳಿಗೆ ಮಾತ್ರ ಅನ್ವಯಿಸುತ್ತದೆ. ಬೇರೊಬ್ಬರು ಕಳುಹಿಸಿದ ಆಮಂತ್ರಣದಲ್ಲಿ ಅವರ ಅಂಕಿಯೇ ಪ್ರಮಾಣ. ಆದುದರಿಂದ ಒಬ್ಬನು ತನ್ನ ಯಂತ್ರದಲ್ಲಿ ಬದಲಾಯಿಸಿಕೊಂಡರೆ ಆಗುವ ಪ್ರಯೋಜನ ಅಲ್ಪ. ಕಚೇರಿಯೆಲ್ಲ ಬದಲಾಯಿಸಿದರೆ ಮಾತ್ರ ಸಾಲಿನಲ್ಲಿ ಬಿಡುವು ಕಾಣುತ್ತದೆ. 2021ರಲ್ಲಿ ಮೈಕ್ರೋಸಾಫ್ಟ್ ಇದನ್ನು ಇಡೀ ಸಂಸ್ಥೆಗೆ ಒಮ್ಮೆಲೇ ಗೊತ್ತುಮಾಡುವ ಅವಕಾಶವನ್ನು ಆಡಳಿತಗಾರರಿಗೆ ಕೊಟ್ಟಿತು. ಒಪ್ಪದ ಉದ್ಯೋಗಿ ತನ್ನ ಮಟ್ಟಿಗೆ ಬದಲಿಸಿಕೊಳ್ಳಬಹುದು. ಎಷ್ಟು ಮಂದಿ ಬದಲಿಸುವರೆಂಬುದನ್ನು ಜರ್ಮನಿ ಆಸ್ಟ್ರಿಯಗಳ ಉದಾಹರಣೆಯಿಂದ ಊಹಿಸಬಹುದು.

ಸಭೆ ಚಿಕ್ಕದಾದರೆ ಸಭೆಗಳ ಸಂಖ್ಯೆ ಹೆಚ್ಚಬಹುದೆಂಬ ಭಯವೂ ನಿರಾಧಾರವಲ್ಲ. ಕೋವಿಡ್ ರೋಗದಿಂದ ಜನರು ಮನೆಯಿಂದಲೇ ಕೆಲಸ ಮಾಡತೊಡಗಿದ 2020ರಲ್ಲಿ ಹಾರ್ವರ್ಡ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯಗಳ ಸಂಶೋಧಕರು ಹದಿನಾರು ಮಹಾನಗರಗಳ 31 ಲಕ್ಷಕ್ಕೂ ಹೆಚ್ಚು ಉದ್ಯೋಗಿಗಳ ಇ-ಮೇಲ್ ಮತ್ತು ಸಭೆಗಳ ಅಂಕಿಅಂಶಗಳನ್ನು ಪರಿಶೀಲಿಸಿದರು. ಸಭೆಯ ಸರಾಸರಿ ಅವಧಿ ನೂರಕ್ಕೆ 20.1ರಷ್ಟು ಇಳಿದಿತ್ತು, ತಲೆಗೆ ಬೀಳುವ ಸಭೆಗಳ ಸಂಖ್ಯೆ ನೂರಕ್ಕೆ 12.9ರಷ್ಟು ಏರಿತ್ತು. ದಿನದಲ್ಲಿ ಸಭೆಗೆ ಹೋಗುವ ಒಟ್ಟು ಕಾಲವೇನೋ ಕಡಮೆಯಾಗಿತ್ತು. ಆದರೆ ದಾಟುವಿಕೆಗಳು ಹೆಚ್ಚಿದುವು. ಮಿದುಳಿನ ಪ್ರಯೋಗದಲ್ಲಿ ಬೀಟಾ ತರಂಗಗಳು ಏರಿದುದು ಅಲ್ಲಿಯೇ ಎಂಬುದನ್ನು ಮರೆಯಲಾಗದು.

ಆಸಕ್ತಿಯುಳ್ಳ ವಿದ್ಯಾರ್ಥಿಗಳು ಇನ್ನೊಂದು ಲೆಕ್ಕವನ್ನು ಮಾಡಿ ನೋಡಬಹುದು. ಪ್ರತಿ ಸಭೆಯ ನಂತರ 5 ನಿಮಿಷ ಬಿಡುವ ಬದಲು, ಎರಡೆರಡು ಸಭೆಗಳಿಗೆ ಒಮ್ಮೆ 10 ನಿಮಿಷ ಬಿಟ್ಟರೆ ಏನಾಗುತ್ತದೆ? ಒಟ್ಟು ಬಿಡುವು ಅಷ್ಟೇ. ಹೆಚ್ಚುವರಿ ಕಾಲಗಳು ಮೊದಲಿನಂತೆ 4, 0, 6, 3, 0, 5 ಆಗಿದ್ದರೆ ಎರಡನೆಯ ಸಭೆ 4 ನಿಮಿಷವೂ ನಾಲ್ಕನೆಯದು 6 ನಿಮಿಷವೂ ತಡವಾಗಿ, ಉಳಿದುವು ಸರಿಯಾಗಿ ಆರಂಭವಾಗುತ್ತವೆ. ವಿಳಂಬದ ಮೊತ್ತ 10 ನಿಮಿಷ; ಹಂಚಿದ ಬಿಡುವಿನಲ್ಲಿ ಅದು 1 ನಿಮಿಷವಾಗಿತ್ತು. ಆದರೆ ಐದು ನಿಮಿಷದಲ್ಲಿ ಒಂದು ಲೋಟ ನೀರು ಕುಡಿದು ಬರಬಹುದು, ಅಷ್ಟೆ. ಎದ್ದು ನಾಲ್ಕು ಹೆಜ್ಜೆ ನಡೆದು ಬರಲು ಹತ್ತು ನಿಮಿಷ ಬೇಕು.